ಉಯಿಲಿನ ಧರ್ಮದತ್ತಿ

ತನ್ನ ಕಾಲಾನಂತರ ಆಸ್ತಿಯು ಶಾಲೆ, ಆಸ್ಪತ್ರೆ, ಗುಡಿ, ಚರ್ಚುಗಳಿಗೆ ಸೇರಲೆಂದು ಉಯಿಲಿನಲ್ಲಿ ಬರೆದಿಡುವ ದಾನ. ಧರ್ಮಶಾಸ್ತ್ರಗಳು ದಾನವನ್ನು ಎಷ್ಟು ಕೊಂಡಾಡಿದರೂ ಅವುಗಳಲ್ಲಿ ಉಯಿಲಿಗೆ ಜಾಗವಿರಲಿಲ್ಲ. ಹಿಂದೂಗಳಲ್ಲಿ ಅದು ಬ್ರಿಟಿಷರ ಕಾಲದಲ್ಲಿ ಬಳಕೆಗೆ ಬಂದು 1870ರ ಹಿಂದೂ ಉಯಿಲುಗಳ ಕಾಯ್ದೆಯಿಂದ ಕಟ್ಟುಪಾಡಿಗೆ ಒಳಪಟ್ಟಿತು. ಮುಸ್ಲಿಂ ಕಾನೂನಿನಲ್ಲಿ ವಸಿಯತ್ (ಉಯಿಲು) ಹಳೆಯದೇ. ವಾರಸುದಾರರು ಒಪ್ಪದಿದ್ದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ಲಖನೌದಲ್ಲಿ 1800ರಲ್ಲಿ ತೀರಿಕೊಂಡ ಫ್ರೆಂಚ್ ಮೂಲದ ಸೇನಾಧಿಕಾರಿ ಕ್ಲಾಡ್ ಮಾರ್ಟಿನ್ ಶಾಲೆಗಳಿಗಾಗಿ ಹಣ ಬರೆದಿಟ್ಟ. ಲಾ ಮಾರ್ಟಿನಿಯರ್ ಶಾಲೆ ಕಲ್ಕತ್ತದಲ್ಲಿ ತೆರೆದದ್ದು 1836ರಲ್ಲಿ, ಲಖನೌದಲ್ಲಿ 1845ರಲ್ಲಿ. ಈ ವಿಳಂಬವೇ ತೋರುವಂತೆ, ಉಯಿಲು ಬರೆಯುವುದಕ್ಕಿಂತ ಅದನ್ನು ನಡೆಸುವುದೇ ಕಷ್ಟ. ಕರ್ನಾಟಕದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿ (1861–1906) ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ತಮ್ಮ ಸಮಾಜದ ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು.

ಆದರೆ ಕ್ರೈಸ್ತರಿಗೆ ಈ ದಾರಿಯಲ್ಲಿ ದೊಡ್ಡ ತಡೆಯಿತ್ತು. ಸಾವಿನ ಹಾಸಿಗೆಯಲ್ಲಿರುವವರನ್ನು ಪುಸಲಾಯಿಸಿ ಆಸ್ತಿ ಬರೆಸಿಕೊಳ್ಳುತ್ತಾರೆಂಬ ಗುಮಾನಿಯಿಂದ ಇಂಗ್ಲೆಂಡಿನ ಪಾರ್ಲಿಮೆಂಟು 1736ರಲ್ಲಿ ಕಾಯ್ದೆಯೊಂದನ್ನು ಮಾಡಿತ್ತು. ಅದರ ನೆರಳು 1865ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲೂ, ಮುಂದೆ 1925ರ ಕಾಯ್ದೆಯ 118ನೆಯ ಕಲಮಿನಲ್ಲೂ ಉಳಿಯಿತು. ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳೋ ಅವರಿಗಿಂತ ಹತ್ತಿರದ ಬಂಧುಗಳೋ ಇದ್ದವರು ಧರ್ಮಕಾರ್ಯಕ್ಕೆ ಬರೆದ ಉಯಿಲು ಊರ್ಜಿತವಾಗಲು, ಅದನ್ನು ಸಾವಿಗೆ ಕನಿಷ್ಠ 12 ತಿಂಗಳು ಮೊದಲೇ ಬರೆದಿರಬೇಕಿತ್ತು. ಬರೆದ 6 ತಿಂಗಳೊಳಗೆ ಠೇವಣಿಯನ್ನೂ ಇಡಬೇಕಿತ್ತು. ಅರಕು ಹಾಕಿ ಮುಚ್ಚಿದ ಲಕೋಟೆಯ ಮೇಲೆ ಹೆಸರು ಬರೆದು, ಒಳಗಿರುವುದು ಉಯಿಲೆಂದು ನಮೂದಿಸಿ ಜಿಲ್ಲಾ ರಿಜಿಸ್ಟ್ರಾರರಿಗೆ ಒಪ್ಪಿಸುವ ಕ್ರಮ ಅದು. ಹನ್ನೊಂದನೆಯ ತಿಂಗಳಲ್ಲಿ ಸತ್ತರೆ ದಾನ ರದ್ದು! ತನ್ನ ಸಾವಿನ ದಿನವನ್ನು ಬಲ್ಲವರಾರು?

ಇಂಗ್ಲೆಂಡು ತನ್ನ ಕಾಯ್ದೆಯನ್ನು 1960ರಲ್ಲೇ ಕೈಬಿಟ್ಟಿತು. ಇಲ್ಲಿ 1991ರ ತಿದ್ದುಪಡಿ ಪಾರಸಿಗಳಿಗೆ ವಿನಾಯಿತಿ ಕೊಟ್ಟಿತೇ ಹೊರತು ಕ್ರೈಸ್ತರಿಗಲ್ಲ. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮುಖ್ಯ ನ್ಯಾಯಮೂರ್ತಿ ವಿ. ಎನ್. ಖರೆ ಅವರಿದ್ದ ಪೀಠ 2003ರ ಜುಲೈ 21ರಂದು, ಸಂವಿಧಾನದ 14ನೆಯ ವಿಧಿ ಹೇಳುವ ಸಮಾನತೆಗೆ ವಿರುದ್ಧವೆಂದು ಆ ಕಲಮನ್ನು ಅನೂರ್ಜಿತಗೊಳಿಸಿತು. ತಡವಾಗಿ ಬಂದರೂ ಸರಿಯಾದ ತೀರ್ಪು.

ಈಗ ಇಂಥ ದಾನಕ್ಕೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. 1925ರ ಕಾಯ್ದೆಯ 63ನೆಯ ಕಲಮಿನಂತೆ ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಸಾಕು.