ಭೂಗೋಳದ ಪಾಠದಲ್ಲಿ ಆಟ ಮತ್ತು ಚಿತ್ರಪರದೆ

ಶಾಲೆಗೆ ಕಂಪ್ಯೂಟರ್ ಕಾಲಿಡುವ ಇನ್ನೂರು ವರ್ಷ ಮೊದಲೇ ಭೂಗೋಳ ಆಟವಾಗಿತ್ತು. 1759ರಲ್ಲಿ ಲಂಡನ್ನಿನ ಜಾನ್ ಜೆಫ್ರಿಸ್ ಯುರೋಪಿನ ನಕ್ಷೆಯನ್ನೇ ಹಾಸಾಗಿಸಿ ಒಂದು ಆಟ ಹೊರತಂದ. ದಾಳವೆಂದರೆ ಜೂಜು ಎಂಬ ಭಾವನೆ ಬಲವಾಗಿದ್ದ ಕಾಲವದು. ಅದಕ್ಕೇ ಇಂಥ ಆಟಗಳಲ್ಲಿ ಅಂಕಿ ಬರೆದ ಬುಗುರಿ ತಿರುಗಿಸಿ ಕಾಯಿ ನಡೆಸುತ್ತಿದ್ದರು. ಜೆಫ್ರಿಸ್‌ನ ಆಟದಲ್ಲಿ ರೋಮಿನ ಮನೆಗೆ ಬಂದವನು, ಪೋಪರ ಪಾದಕ್ಕೆ ಮುತ್ತಿಟ್ಟ ತಪ್ಪಿಗೆ, ಐಸ್‌ಲ್ಯಾಂಡಿಗೆ ಗಡೀಪಾರಾಗಿ ಮೂರು ಸರದಿ ಕಳೆದುಕೊಳ್ಳಬೇಕಿತ್ತು. ಊರಿನ ಹೆಸರಿನ ಜತೆಗೆ ಪ್ರಾಟೆಸ್ಟೆಂಟ್ ಇಂಗ್ಲೆಂಡಿನ ಪೂರ್ವಗ್ರಹವೂ ಮಕ್ಕಳ ತಲೆಗಿಳಿಯುತ್ತಿತ್ತು. ಅದೇ ನಗರದ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ನಕ್ಷೆಯನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಗುಂಟ ಕೊಯ್ದು, ಮಕ್ಕಳು ಜೋಡಿಸಲೆಂದು ಮಾರಿದ.

ಸ್ಲೈಡಿನ ಕಥೆ ಶುರುವಾಗುವುದು ಗಾಜಿನ ಮೇಲಿನ ಚಿತ್ರವನ್ನು ಪರದೆಗೆ ಬೀರುವ ಮ್ಯಾಜಿಕ್ ಲ್ಯಾಂಟರ್ನಿನಿಂದ. ಗಾಜಿನ ಚಿತ್ರಗಳನ್ನು ಶಾಲೆ ಶಾಲೆಗಳ ನಡುವೆ ಹಂಚಿಕೊಳ್ಳಬೇಕೆಂಬ ಉಪಾಧ್ಯಾಯರ ಆಸೆಯೇ 1893ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಿಯಾಗ್ರಫಿಕಲ್ ಅಸೋಸಿಯೇಷನ್ ಹುಟ್ಟಲು ಕಾರಣವಾಯಿತು. ಆದರೆ ಚಿತ್ರ ಆರಿಸುವವರು ಯಾರು? ಬ್ರಿಟಿಷ್ ವಸಾಹತು ಕಚೇರಿಯ ಸಮಿತಿಯೊಂದು 1907ರಲ್ಲಿ ಕಲಾವಿದ ಹ್ಯೂ ಫಿಶರ್‌ನನ್ನು ಸಾಮ್ರಾಜ್ಯದ ಉದ್ದಗಲಕ್ಕೆ ಕಳಿಸಿತು. ನಾಡಿನ ಮೂಲ ಲಕ್ಷಣಗಳನ್ನೂ ಬ್ರಿಟಿಷ್ ಆಳ್ವಿಕೆ ತಂದು ಸೇರಿಸಿದವನ್ನೂ ತೋರಿಸಬೇಕೆಂದು ಭೂಗೋಳಜ್ಞ ಹಾಲ್ಫರ್ಡ್ ಮ್ಯಾಕಿಂಡರ್ ಅವನಿಗೆ ಸೂಚಿಸಿದ. ಭಾರತದ ಬಗ್ಗೆ ಮ್ಯಾಕಿಂಡರ್ ಬರೆದ ಎಂಟು ಉಪನ್ಯಾಸಗಳು 1910ರಲ್ಲಿ ಅಚ್ಚಾದವು. ಪರದೆಯ ಮುಂದೆ ಕುಳಿತ ಇಂಗ್ಲಿಷ್ ಹುಡುಗನಿಗೆ ಭಾರತವೆಂದರೆ ಆ ಕ್ಯಾಮೆರಾ ಕಂಡಷ್ಟೇ. ಚಿತ್ರ ಪುರಾವೆಯಂತೆ ಕಾಣುವುದರಿಂದ ಅದರ ಪಕ್ಷಪಾತ ಆಟದ ಪಕ್ಷಪಾತಕ್ಕಿಂತ ಹೆಚ್ಚು ಆಳಕ್ಕಿಳಿಯುತ್ತದೆ.

ಕಂಪ್ಯೂಟರ್ ಕಾಲದ ಸ್ಲೈಡಾಗಿ 1987ರಲ್ಲಿ ಪವರ್‌ಪಾಯಿಂಟ್ ಬಂತು. ಆಟವಾಗಿ 2013ರಲ್ಲಿ ನಾರ್ವೆಯ ಕಹೂಟ್ ಎಂಬ ರಸಪ್ರಶ್ನೆ ಸಾರ್ವಜನಿಕ ಬಳಕೆಗೆ ಸಿಕ್ಕಿತು. ಪ್ರೌಢಶಾಲೆಯ ಭೂಗೋಳಕ್ಕೆ ಇವೆರಡರ ಉಪಯೋಗ ಒಂದೇ ಅಲ್ಲ. ಆಗುಂಬೆಯಲ್ಲಿ ಸುರಿಯುವ ಮಳೆ ಚಿತ್ರದುರ್ಗಕ್ಕೆ ಏಕೆ ತಲುಪುವುದಿಲ್ಲ ಎಂಬುದನ್ನು ಹೇಳಲು ಘಟ್ಟದ ಅಡ್ಡಸೀಳು ನಕ್ಷೆ ಬೇಕು: ಅರಬ್ಬೀ ಸಮುದ್ರದ ತೇವದ ಗಾಳಿ ಮೇಲೇರುವುದು, ತಂಪಾಗುವುದು, ಮಳೆಗರೆಯುವುದು, ಆಚೆ ಇಳಿಯುವಾಗ ಬಿಸಿಯಾಗಿ ಒಣಗಿ ಮಳೆನೆರಳು ಉಂಟುಮಾಡುವುದು. ಸ್ಲೈಡು ಇದನ್ನು ಹಂತಹಂತವಾಗಿ ಬಿಡಿಸಿ ತೋರಿಸಬಲ್ಲದು. ಬೇಗ ಉತ್ತರಿಸಿದವರಿಗೆ ಹೆಚ್ಚು ಅಂಕ ಕೊಡುವ ರಸಪ್ರಶ್ನೆ ರಾಜಧಾನಿ, ನದಿ, ಬೆಳೆಗಳ ನೆನಪಿಗೆ ಒಗ್ಗುತ್ತದೆ. ನಿಧಾನವಾಗಿ ಯೋಚಿಸುವ ಮಕ್ಕಳಿಗೆ ಅಲ್ಲಿ ಅನ್ಯಾಯವೂ ಆಗುತ್ತದೆ. ಆದರೂ ಅದರದೊಂದು ಅನುಕೂಲ ದೊಡ್ಡದು. ಮಳೆನೆರಳಿನ ಪ್ರಶ್ನೆಗೆ ಎಷ್ಟು ಮಂದಿ ಯಾವ ತಪ್ಪು ಉತ್ತರ ಒತ್ತಿದರೆಂಬುದು ಆ ಕ್ಷಣವೇ ಪರದೆಯ ಮೇಲೆ ಬೀಳುತ್ತದೆ, ಮುಂದಿನ ಪಾಠಕ್ಕೆ ಹೋಗುವ ಮುನ್ನ ಯಾವ ಸ್ಲೈಡಿಗೆ ಮರಳಬೇಕೆಂದು ಉಪಾಧ್ಯಾಯರಿಗೆ ತಿಳಿಯುತ್ತದೆ.