ಪಾಷಾಣಕ್ಕೆ ಡಿಲೀಟ್ ಬಟನ್ ಇಲ್ಲ

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಬೇಡದ್ದನ್ನು ಡಿಲೀಟ್ ಮಾಡಿ ಅಭ್ಯಾಸ. ಆರ್ಸೆನಿಕ್ ಹತ್ತಿರ ಈ ಆಟ ನಡೆಯಲ್ಲ. ಅದೊಂದು ಮೂಲಧಾತು. ಸುಟ್ಟರೂ ಹೋಗಲ್ಲ, ಕೊಳೆತೂ ಹೋಗಲ್ಲ. ಜಾಗ ಬದಲಿಸಬಹುದು, ರೂಪ ಬದಲಿಸಬಹುದು, ಅಷ್ಟೇ. ಇದನ್ನು ಕಷ್ಟಪಟ್ಟು ಕಲಿತ ಊರೊಂದರ ಕಥೆ ಹೇಳ್ತೀನಿ ಕೇಳಿ.

ಕೆನಡಾದ ಉತ್ತರದಲ್ಲಿ ಯೆಲ್ಲೋನೈಫ್ ಅಂತ ಊರು. ಅದರ ಪಕ್ಕದಲ್ಲೇ ಜೈಂಟ್ ಮೈನ್ ಎಂಬ ಚಿನ್ನದ ಗಣಿ 1948ರಲ್ಲಿ ಶುರುವಾಯ್ತು. ಅಲ್ಲಿನ ಚಿನ್ನ ಆರ್ಸೆನಿಕ್ ಇರುವ ಅದಿರಿನೊಳಗೆ ಸೇರಿಕೊಂಡಿತ್ತು. ಬಿಡಿಸಬೇಕಾದರೆ ಅದಿರನ್ನು ಹುರಿಯಬೇಕು. ಹುರಿದಾಗ ಬಿಳಿ ಪಾಷಾಣ ಹೊಗೆಯ ಜೊತೆ ಹೊರಟು ಹಿಮದ ಮೇಲೆ ಬೀಳುತ್ತಿತ್ತು. ಅಲ್ಲಿನ ಮೂಲನಿವಾಸಿ ಡೆನೆ ಜನ ಕುಡಿಯೋದಕ್ಕೆ ಕರಗಿಸುತ್ತಿದ್ದದ್ದು ಅದೇ ಹಿಮವನ್ನು. 1951ರಲ್ಲಿ ಅವರದೊಂದು ಪುಟ್ಟ ಮಗು ಸತ್ತೇ ಹೋಯಿತು.

ಆಮೇಲೆ ಹೊಗೆಯಲ್ಲಿನ ದೂಳು ಹಿಡಿಯುವ ಯಂತ್ರ ಬಂತು. ಹಿಡಿದ ದೂಳನ್ನು ಗಣಿಯೊಳಗಿನ ಕೋಣೆಗಳಿಗೆ ತುಂಬಿದರು. ಸುತ್ತ ಸದಾ ಹೆಪ್ಪುಗಟ್ಟಿದ ನೆಲ, ನೀರು ಬರೋಲ್ಲ ಅನ್ನೋ ಲೆಕ್ಕಾಚಾರ. ಆದರೆ ಗಣಿಗಾರಿಕೆಯಿಂದಲೇ ಆ ನೆಲ ಕರಗತೊಡಗಿತು! ಈ ದೂಳೋ, ನೀರಲ್ಲಿ ಕರಗುವಂಥದ್ದು. 1999ರಲ್ಲಿ ಕಂಪನಿ ದಿವಾಳಿ ಎದ್ದಿತು, 2004ರಲ್ಲಿ ಗಣಿ ನಿಂತಿತು. ತೆಗೆದ ಚಿನ್ನ ಸುಮಾರು 220 ಟನ್. ನೆಲದಡಿ ಉಳಿದ ವಿಷದ ದೂಳು 2,37,000 ಟನ್.

ಗಣಿಗೆ ಇಳಿದ ನೀರನ್ನು ಪಂಪ್ ಮಾಡಿ ಅದಕ್ಕೆ ಕಬ್ಬಿಣದ ಲವಣ ಹಾಕ್ತಾರೆ. ಅದು ತುಕ್ಕಿನಂಥ ಮುದ್ದೆಯಾಗುತ್ತೆ, ಆರ್ಸೆನಿಕ್ ಅದಕ್ಕೆ ಅಂಟಿಕೊಂಡು ತಳಕ್ಕಿಳಿಯುತ್ತೆ. ಬರೀ ಸುಣ್ಣ ಹಾಕಿದರೂ ಇಳಿಯುತ್ತೆ, ಆದರೆ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ತಾಗಿ ಸುಣ್ಣ ಕೈಬಿಡುತ್ತೆ. ಕಬ್ಬಿಣದ ಹಿಡಿತ ಗಟ್ಟಿ. ಹಾಗಂತ ಗಾಳಿಯಾಡದ ಕಡೆ ಹೂತರೆ ಅದೂ ಸಡಿಲವಾಗಬಹುದು. ಹಾಗಾಗಿ ಆ ಕೆಸರನ್ನೂ ಕಾಯಲೇಬೇಕು.

ದೂಳಿನ ಕೋಣೆಗಳನ್ನು ಸುತ್ತಲಿನ ಬಂಡೆ ಸಮೇತ ಹೆಪ್ಪುಗಟ್ಟಿಸಿ ಇಡೋದು ಅಲ್ಲಿನ ಯೋಜನೆ. 2022ರ ಅಂದಾಜಿನಂತೆ ಒಟ್ಟು ಖರ್ಚು 438 ಕೋಟಿ ಕೆನಡಾ ಡಾಲರ್. ಕೊಡೋದು ಕಂಪನಿಯಲ್ಲ, ಸರ್ಕಾರ. ಅದೂ ಹೆಚ್ಚೆಂದರೆ 100 ವರ್ಷದ ಮಟ್ಟಿಗೆ, ಅಷ್ಟರಲ್ಲಿ ಶಾಶ್ವತ ಉಪಾಯ ಹುಡುಕಬೇಕು ಅಂತ ಷರತ್ತು.

ಕೆನಡಾ ದೂರ ಅನ್ನಬೇಡಿ. ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲೂ ಆರ್ಸೆನಿಕ್ ಸಿಕ್ಕಿದೆ, ಜನರ ಚರ್ಮದಲ್ಲಿ ಅದರ ಗುರುತು ಕಾಣಿಸಿಕೊಂಡಿದೆ. ಹತ್ತಿರದ ಮಂಗಳೂರಿನ (ಕರಾವಳಿಯದ್ದಲ್ಲ!) ಚಿನ್ನದ ಗಣಿ ಮುಚ್ಚಿದ್ದು 1994ರಲ್ಲಿ. ಗಣಿ ಮುಚ್ಚಬಹುದು, ಕಾವಲು ಮುಚ್ಚುವಂತಿಲ್ಲ. ಆ ಕಾವಲಿನ ದುಡ್ಡನ್ನು ಪರವಾನಗಿ ಕೊಡುವ ದಿನವೇ ಕಂಪನಿಯಿಂದ ಕಟ್ಟಿಸಿಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ನೀವೇನಂತೀರಿ?