ಬನದ ಹುಣ್ಣಿಮೆಯ ಪಲ್ಯ, ಮಕ್ಕಳ ತಾಟು

ಮಕ್ಕಳು ಕಾಯಿಪಲ್ಲೆ ಮುಟ್ಟುವುದಿಲ್ಲ ಎಂಬುದು ಇಂದು ಮನೆಮನೆಯ ದೂರು. ಬಾಗಲಕೋಟೆ ಜಿಲ್ಲೆಯ ಗುಡೂರು, ಇಳಕಲ್ಲ, ಹುನಗುಂದ, ಬಾದಾಮಿ ಸೀಮೆಯಲ್ಲಿ ಈ ದೂರು ಕೇಳಿದರೆ ತುಸು ಆಶ್ಚರ್ಯವಾಗಬೇಕು. ಏಕೆಂದರೆ ಇಲ್ಲಿ ಭಕ್ತಿಯಿಂದ ನಡೆದುಕೊಳ್ಳುವ ದೇವಿಯೇ ತರಕಾರಿಯ ದೇವಿ.

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಬಳಿ ಇರುವ ಬನಶಂಕರಿಗೆ ಶಾಕಂಭರಿ ಎಂಬ ಹೆಸರೂ ಉಂಟು. ನೂರು ವರ್ಷ ಮಳೆ ಹೋಗಿ ಲೋಕ ಒಣಗಿದಾಗ ತನ್ನ ದೇಹದಿಂದಲೇ ಶಾಕಗಳನ್ನು ಹುಟ್ಟಿಸಿ, ಮಳೆ ಬರುವ ತನಕ ಜೀವಿಗಳನ್ನು ಸಾಕುವವಳು ಎಂಬುದು ದೇವೀ ಮಾಹಾತ್ಮ್ಯೆಯ ಕಥೆ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಈಕೆಯ ತೇರು. ಮುನ್ನಾದಿನ ‘ಪಲ್ಯೇದ ಹಬ್ಬ’. ಅಂದು ದೇವಿಗೆ 108 ಬಗೆಯ ಕಾಯಿಪಲ್ಲೆಗಳ ನೈವೇದ್ಯ. ನೂರೆಂಟು ಎಂಬುದು ಶಾಸ್ತ್ರದ ಲೆಕ್ಕವೇ ಇರಬಹುದು. ಆದರೆ ಮಳೆ ಕಡಿಮೆಯ ಸೀಮೆಯಲ್ಲಿ ಅಷ್ಟನ್ನು ಹೊಂದಿಸುವುದು ಹುಡುಗಾಟದ ಮಾತಲ್ಲ.

ಬರದ ಕಥೆ ಇಲ್ಲಿಯವರಿಗೆ ಬರೀ ಪುರಾಣವೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಬಾದಾಮಿ, ಹುನಗುಂದ ತಾಲ್ಲೂಕುಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು. ಮುಂದೆ ಅದೇ ವಿಜಾಪುರ ಜಿಲ್ಲೆ ಎನಿಸಿತು. 1872ರ ಜನಗಣತಿಯಲ್ಲಿ ಅಲ್ಲಿ ಸುಮಾರು 8 ಲಕ್ಷ 16 ಸಾವಿರ ಜನರಿದ್ದರು. 1876-78ರ ಮಹಾಕ್ಷಾಮದ ನಂತರ, 1881ರಲ್ಲಿ, ಉಳಿದವರು 6 ಲಕ್ಷ 38 ಸಾವಿರ. ಐವರಲ್ಲಿ ಒಬ್ಬರು ಲೆಕ್ಕದಿಂದಲೇ ಕಾಣೆಯಾಗಿದ್ದರು. ಇಂಥ ನೆಲದಲ್ಲಿ ಹಸಿರು ಸೊಪ್ಪೆಂದರೆ ಮಕ್ಕಳಿಗೆ ವಿಧಿಸುವ ಶಿಕ್ಷೆಯಲ್ಲ, ದೇವಿಯ ಮುಂದಿಡುವ ಸಂಪತ್ತು.

ಬನದ ಹುಣ್ಣಿಮೆಗೆ 15 ದಿನ ಮೊದಲು ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗೆ ಎಲ್ಲ ಬುತ್ತಿಯಲ್ಲಿರುತ್ತವೆ. ಮಕ್ಕಳ ಕಣ್ಣು ಮಾತ್ರ ಕಡಲೆಯ ಹೊಲದ ಮೇಲೆ. ಎಳೆಯ ಕಡಲೆ ಸೊಪ್ಪಿನ ಹುಳಿ ನೆಕ್ಕುವುದು, ಸುಲಗಾಯಿ ಬಿಡಿಸಿ ತಿನ್ನುವುದು, ಜೋಳದ ಸಾಲಿನಲ್ಲಿ ಬಿತ್ತದೆ ಹುಟ್ಟಿದ ಹಕ್ಕರಕಿಯನ್ನು ಕಿತ್ತು ತರುವುದು, ಇವನ್ನು ಯಾರೂ ಹೇಳಿ ಮಾಡಿಸಬೇಕಿಲ್ಲ. ಮಗುವಿನ ಮೊದಲ ಸೊಪ್ಪು ಎಷ್ಟೋ ಸಲ ಅಡಿಗೆಮನೆಯದಲ್ಲ, ಹೊಲದ್ದು. ಊಟದಲ್ಲಿಯೂ ಹಾಗೆಯೇ. ರೊಟ್ಟಿಯ ಮಗ್ಗುಲಿಗೆ ಮೆಂತ್ಯದ ಎಸಳು, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ಹಸಿಯಾಗಿಯೇ ಬರುತ್ತವೆ. ಹಿರಿಯರು ಕಚ್ಚಿ ಮುರಿದು ತಿನ್ನುವುದನ್ನು ನೋಡುತ್ತ ನೋಡುತ್ತ ಮಗುವಿನ ಕೈಯೂ ಅತ್ತ ಚಾಚುತ್ತದೆ.

ತರಕಾರಿಯನ್ನು ರುಚಿಗಟ್ಟುವ ವಿದ್ಯೆಯೂ ಕನ್ನಡನಾಡಿಗೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಅಧ್ಯಾಯವಿದೆ. ಮುಂದೆ 16ನೇ ಶತಮಾನದ ಆರಂಭದಲ್ಲಿ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದು ಬದನೆಕಾಯಿಯ ಅಡಿಗೆಗಳನ್ನೂ ಅಕ್ಕರೆಯಿಂದ ವಿವರಿಸಿದ. ಎಣ್ಣೆಗಾಯಿಯ ನಾಡಿನವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು.

ನೋಡಿ ಕಲಿಯುವ ಈ ರೀತಿಗೆ ವಿಜ್ಞಾನದ ಒಪ್ಪಿಗೆ ದೊರೆತದ್ದು ತೀರ ಇತ್ತೀಚೆಗೆ. ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸನ್ನು ಕಂಡು ಹಿಂಜರಿಯುವುದು ಹಟವಲ್ಲ, ಸಹಜ ಎಚ್ಚರ. ಕಹಿಯಾದದ್ದು ವಿಷವೂ ಆಗಿರಬಹುದಲ್ಲವೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀನ್ ಬರ್ಚ್ 1980ರ ದಶಕದ ಪ್ರಯೋಗಗಳಲ್ಲಿ ತೋರಿಸಿದಂತೆ, ಒಂದೇ ತಿನಿಸನ್ನು ಒತ್ತಾಯವಿಲ್ಲದೆ ಮತ್ತೆ ಮತ್ತೆ, ಹತ್ತು ಸಲವಾದರೂ ಮುಂದಿಟ್ಟರೆ ನಾಲಿಗೆ ಒಗ್ಗುತ್ತದೆ. ‘ಪಲ್ಯ ತಿಂದರೆ ಪೇಡೆ ಕೊಡುತ್ತೇನೆ’ ಎಂಬ ಲಂಚ ಮಾತ್ರ ತಿರುಗುಬಾಣ. ಮಗುವಿಗೆ ಪೇಡೆ ಇನ್ನಷ್ಟು ಪ್ರಿಯವಾಗಿ, ಪಲ್ಯ ಮತ್ತಷ್ಟು ಬೇಡವಾಗುತ್ತದೆ. ಮಗುವಿನ ದೃಷ್ಟಿಯಿಂದ ತರ್ಕ ಸರಿಯೇ ಇದೆ: ಒಳ್ಳೆಯ ವಸ್ತುವಾಗಿದ್ದರೆ ತಿನ್ನಲು ಕೂಲಿ ಏಕೆ ಕೊಡುತ್ತಿದ್ದರು?

ಇಂದು ಜಿಲ್ಲೆಯ ಬಹುಪಾಲು ಮಕ್ಕಳು ಪಂಕ್ತಿಯಲ್ಲಿ ಕೂತು ಉಣ್ಣುವುದು ಶಾಲೆಯಲ್ಲಿ. ರಾಜ್ಯ ಸರ್ಕಾರ 2002ರಲ್ಲಿ ಬಿಸಿಯೂಟ ಆರಂಭಿಸಿದಾಗ ಮೊದಲ ಹಂತದ 7 ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದಾಗಿತ್ತು. ನಿಯಮದಂತೆ ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 50 ಗ್ರಾಂ, ಹಿರಿಯ ಪ್ರಾಥಮಿಕದವರಿಗೆ 75 ಗ್ರಾಂ ತರಕಾರಿ ಸಿಗಬೇಕು. ಪ್ರಮಾಣ ಕಡಿಮೆಯೇನಲ್ಲ. ಆದರೆ ಸಾಂಬಾರಿನಲ್ಲಿ ಕರಗಿಹೋದ ಹೋಳಿಗೆ ಗುರುತಿಲ್ಲ. ತಿಂದದ್ದು ಸೋರೆಯೋ ಹೀರೆಯೋ ಮಗುವಿಗೆ ತಿಳಿಯದು. ಶಾಲೆಯ ಅಂಗಳದಲ್ಲಿ ಕೈತೋಟ ಮಾಡಿದ ಕಡೆ ಮಾತು ಬೇರೆ. ತಾನೇ ನೀರೆರೆದ ಬಳ್ಳಿಯ ಕಾಯಿ ತಾಟಿಗೆ ಬಂದರೆ ಅದನ್ನು ಅಂಚಿಗೆ ಸರಿಸುವುದು ಮಗುವಿಗೂ ಕಷ್ಟ.

ಹಕ್ಕರಕಿ ಮಾತ್ರ ಇನ್ನೂ ಯಾವ ತೋಟಕ್ಕೂ ಒಗ್ಗಿದಂತಿಲ್ಲ. ಚಳಿಗಾಲದ ಸಂತೆಯಲ್ಲಿ ಮುದುಕಿಯರ ಬುಟ್ಟಿಯಲ್ಲಿ ಅದು ಬರುತ್ತದೆ, ಬೇರಿನ ಮಣ್ಣಿನ ಸಮೇತ.